ನಾರು

ಬೆಳಗಿನ ಹತ್ತಕ್ಕೆ ಬಂತು, ಉಪ್ಪಿನಕಾಯಿ ಡಬ್ಬಿಯಲ್ಲಿ.
ಥಿಯೇಟರಿನವರ ಬಳಿ ಅಷ್ಟು ದೊಡ್ಡ ಜಾಡಿ ಇರಲಿಲ್ಲವಂತೆ.
ಮುಚ್ಚಳಕ್ಕೆ ಪ್ಲಾಸ್ಟರು, ಪ್ಲಾಸ್ಟರಿನ ಮೇಲೆ ಪೆನ್ನಿನ ಗೀಚು:
ಹೊನ್ನೂರಬೀ, ಐವತ್ತಾರು, ಕೌಲ್‌ಬಜಾರ್,
ಎಡ ಅಂಡಾಶಯ.
ಹೊಟ್ಟೆಯಲ್ಲಿ ನೀರು, ಐದು ಲೀಟರ್.
ಕೊನೆಯಲ್ಲಿ ಯಾರೋ ಪಿ.ಜಿ. ಹುಡುಗ
ಪ್ರಶ್ನೆಚಿಹ್ನೆ ಹಾಕಿ ಅದರ ಮುಂದೆ
ಆ ರೋಗದ ಹೆಸರು ಬರೆದಿದ್ದ.

ಫಾರ್ಮಾಲಿನ್ನಿಗೆ ನನ್ನ ಕಣ್ಣು ಒಗ್ಗಿ ಹತ್ತೊಂಬತ್ತು ವರ್ಷ.
ತೂಗಿದೆ: ಒಂದು ಕಿಲೋ ನೂರು ಗ್ರಾಂ.
ಬ್ರೂಸ್‌ಪೇಟೆಯ ತಳ್ಳುಗಾಡಿಯ ಸುವರ್ಣಗಡ್ಡೆ ನೆನಪಾಯಿತು.
ಕ್ಷಮಿಸಬೇಕು, ನೆನಪಾಗುವುದು ಹೀಗೆಯೇ.
ಚೂರಿ ಸುಲಭಕ್ಕೆ ಒಳಗಿಳಿಯಲಿಲ್ಲ.
ಮೆತ್ತಗಿರುವುದು, ಪುಡಿಯಾಗುವುದು, ಚೂರಿಗೆ ಅಂಟುವುದು,
ನಾನು ಹೆದರುವುದು ಅವಕ್ಕೆ.
ಇದು ಕರ್ರ್ ಅಂದಿತು,
ಹೊಸ ಜೀನ್ಸಿಗೆ ಕತ್ತರಿ ಹಾಕಿದ ಹಾಗೆ.
ಕೊಯ್ದ ಮುಖ ಬೆಳ್ಳಗೆ, ಸುಳಿಸುಳಿ,
ದೊಡ್ಡದೊಂದು ಹೆಬ್ಬೆಟ್ಟಿನ ಗುರುತು.

ಮೇಣದಲ್ಲಿ ಕೂಡಿಸಿ ಬ್ಲೇಡಿನಲ್ಲಿ ಹೆರೆದೆ,
ಈರುಳ್ಳಿಯ ಒಳಪೊರೆಗಿಂತ ತೆಳು.
ಬಿಸಿನೀರಿನ ಮೇಲೆ ತೇಲಿಬಿಟ್ಟು, ಉಸಿರು ಹಿಡಿದು
ಗಾಜಿಗೆ ಎತ್ತಿಕೊಂಡೆ.
ಹೊಸದಾಗಿ ಸೇರಿದ ಎಂಕಮ್ಮ ಕೇಳಿದಳು:
“ಅಕ್ಕ, ಇದರಾಗ ಅಂಡ ಎಲ್ಲದಾವ?”

ಇಲ್ಲ, ಎಂಕಮ್ಮ.
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತಾರಲ್ಲ,
ಇಲ್ಲಿ ಹೂವು ಉದುರಿ ಐದಾರು ವರ್ಷ.
ಮಾಲೆ ಮುಗಿದದ್ದನ್ನು ನಾರಿಗೆ ಯಾರೂ ಹೇಳಲಿಲ್ಲ.
ಕಟ್ಟುತ್ತಲೇ ಹೋಗಿದೆ, ಬರೀ ಗಂಟು,
ಗಂಟಿನ ಮೇಲೆ ಗಂಟು.

ಕೋಶಗಳ ಮಾತನ್ನು ಎಲ್ಲರೂ ಆಡುತ್ತಾರೆ.
ಅವುಗಳ ನಡುವೆ ಇದ್ದು
ಹಿಡಿದು ನಿಲ್ಲಿಸಿದ್ದರ ಮಾತು ಯಾರಿಗೆ ಬೇಕು?
ಕೆಟ್ಟ ಗಡ್ಡೆಗಳಲ್ಲಿ ನೋಡಿದ್ದೇನೆ:
ಮೊದಲು ನಾರು ಗೋಡೆ ಕಟ್ಟಲು ಬಂದ ಹಾಗೇ ಬರುತ್ತದೆ,
ಬಿಗಿಯುತ್ತದೆ, ಗಟ್ಟಿಯಾಗುತ್ತದೆ.
ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ
ಎಳೆಗಳು ನೆಟ್ಟಗೆ ಸಾಲುಗಟ್ಟಿ
ಕಳ್ಳರಿಗೆ ಹಗ್ಗದ ಏಣಿಯಾಗುತ್ತವೆ.
ಅಂಥ ಗಾಜುಗಳನ್ನು ಮೇಡಂ ಟೇಬಲ್ಲಿಗಿಟ್ಟು
ಚಹಾಕ್ಕೆ ಹೋಗಿಬಿಡುತ್ತೇನೆ.

ಈ ಸಲ ಹೋಗಲಿಲ್ಲ.
“ಬೆಳ್ಳಿ ಹಾಕು” ಅಂದರು ಮೇಡಂ.
ಬೆಳ್ಳಿಯ ನೀರಲ್ಲಿ ನಾರು ಕಪ್ಪಾಗಿ ಏಳುತ್ತದೆ,
ಸಂಜೆಯ ಹೊತ್ತು ಕೋಟೆಗುಡ್ಡದ ಬಂಡೆಗಳ
ಸಂದುಸಂದೂ ಕಪ್ಪಾಗಿ ಕಂಡಂತೆ.
ಗುಂಪಿಗೆಲ್ಲ ಒಂದೇ ಬೇಲಿಯಿದ್ದರೆ ಲೆಕ್ಕ ಬೇರೆ.
ಇಲ್ಲಿ ಒಂದೊಂದು ಕೋಶಕ್ಕೂ ಒಂದೊಂದು ಬೇಲಿ,
ತಮ್ಮ ತಮ್ಮ ಹೊಸ್ತಿಲು.
ಇನ್ನೊಂದು ಗಾಜಿಗೆ ಬೇರೆ ಬಣ್ಣ ಹಾಕಿದ್ದೆ,
ಕೌಲ್‌ಬಜಾರಿನ ಮಾಳಿಗೆಗಳ ಮೇಲೆಲ್ಲ
ಒಗೆದು ಹರವಿದ ನೀಲಿ.
ಮೇಡಂ ಮೂರು ಸಲ ಸರಿಸಿ ನೋಡಿ ಕನ್ನಡಕ ತೆಗೆದರು.
“ಬರೀ ನಾರು.”
“ಮತ್ತೆ ಆ ನೀರು?”
“ನೀರೂ ಇದರದ್ದೇ. ಗಡ್ಡೆ ಹೋಯ್ತಲ್ಲ, ಇನ್ನು ಬತ್ತುತ್ತೆ.”

ಎಂಟು ದಿನಕ್ಕೆ ಹೊನ್ನೂರಬೀ ತಾನೇ ಬಂದಳು,
ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಕೌಂಟರಿನ ಕಿಂಡಿಗೆ.
ಮೂವತ್ತು ವರ್ಷ ಪ್ಯಾಂಟಿಗೆ ಜಿಪ್ಪು ಕೂಡಿಸಿದ ಬೆರಳು.
ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಇತ್ತು,
ಅಥವಾ ನನಗೆ ಹಾಗೆ ಕಂಡಿತು.
ಹೇಳಬೇಕಾದವರು ಡಾಕ್ಟರು. ನಾನು ಹೇಳಬಾರದು.
ಹೇಳಿದೆ.

“ನಾರಾ? ಬರೇ ನಾರಾ ಬೇಟಿ? ನೂಲಿನಂಗ?”
“ಹೌದಮ್ಮ, ನೂಲಿನಂಗ.”
ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು.
ಆಮೇಲೆ ಸಿಟ್ಟಿಗೆದ್ದಳು.
“ನೂಲು ಅಂತ ಮೊದ್ಲೇ ಅಂದಿದ್ರ
ನಾನೇ ಬಿಚ್ಚಿ ಒಗಿತಿದ್ನೆಲ್ಲ!
ಸಾಯೋಳಿಗೆ ಯಾಕಂತ ಮಷೀನು ಮಾರೀನಿ.
ಜುಕಿ ಮಷೀನು. ಎರಡು ಸಾವಿರಕ್ಕ.”

ಅದಕ್ಕೆ ಹಾಕಲು ನನ್ನ ಬಳಿ ಯಾವ ಬಣ್ಣವೂ ಇರಲಿಲ್ಲ.
ಉಳಿದ ಮೇಣದ ಬಿಲ್ಲೆಗೆ ನಂಬರು ಹಚ್ಚಿ ಕಪಾಟಿಗಿಟ್ಟೆ.

ಮುಂದಿನ ಡಬ್ಬಿ: ಸಿರುಗುಪ್ಪ, ಮೂವತ್ತೊಂದು.
ಮುಚ್ಚಳ ತೆಗೆದೆ. ಚೂರಿ ಇಟ್ಟೆ.
ಮೆತ್ತಗಿತ್ತು.